ಹಚ್ಚಿದ್ದೆಲ್ಲ ಹೊಟ್ಟೆಗೆ

ರಾತ್ರಿ ಎರಡು ಗಂಟೆಗೆ ಮಳೆ ನಿಂತಿತು. ಸಾಗರದ ಆಷಾಢದ ಮಳೆ ನಿಲ್ಲುವುದೆಂದರೆ ಕವಳ ಹಾಕಲು ಕೂತ ಆಳು ಇದ್ದ ಹಾಗೆ. ಐದು ನಿಮಿಷಕ್ಕೆ ಎದ್ದು ಮತ್ತೆ ಶುರು ಮಾಡುತ್ತದೆ. ಆ ಐದು ನಿಮಿಷದಲ್ಲೇ ಮನೆಯ ಸಣ್ಣಪುಟ್ಟ ಸದ್ದುಗಳಿಗೆಲ್ಲ ಧೈರ್ಯ ಬರುವುದು. ಹೆಂಚಿನ ಅಂಚಿನಿಂದ ತೊಟ್ಟಿಕ್ಕುವ ನೀರು, ಅಟ್ಟದ ಮೇಲಿನ ಇಲಿ, ನಡುಮನೆಯಿಂದ ಅಮ್ಮನ ಗೊರಕೆ. ಅವತ್ತು ಇವುಗಳ ನಡುವೆ ಇನ್ನೊಂದು ಕೇಳಿಸಿತು. ಪಚಪಚ, ಪಚಪಚ. ಯಾರೋ ಕತ್ತಲಲ್ಲಿ ಕೂತು ಹಸಿ ಹಿಟ್ಟು ನಾದುತ್ತಿದ್ದ ಹಾಗೆ. ಒಮ್ಮೊಮ್ಮೆ ಕಟಕಟ, ಎಳೆ ಜೋಳದ ತೆನೆಯನ್ನು ಮುಂದಿನ ಹಲ್ಲಲ್ಲಿ ಸಾಲು ಹಿಡಿದು ಬಿಡಿಸಿ ತಿನ್ನುವ ಹಾಗೆ.

ಟಾರ್ಚು ಹಾಕಿದೆ. ಜಗಲಿಯ ಗೋಣಿತಾಟಿನ ಮೇಲೆ ದಾಸು ತನ್ನ ಬಲಗೈಯನ್ನು ತಿನ್ನುತ್ತಿದ್ದ. ಮುಂಗಾಲು ಎನ್ನಬೇಕು, ಗೊತ್ತು. ಆದರೆ ಅದನ್ನು ಎಡಗೈಯಿಂದ ಒತ್ತಿಹಿಡಿದು, ತಲೆ ಓರೆ ಮಾಡಿ, ಬೆರಳು ಬೆರಳಿನ ಸಂದಿಗೂ ಹಲ್ಲು ಹಾಕುತ್ತಿದ್ದ ತನ್ಮಯತೆ ನೋಡಿದರೆ ಕಾಲು ಎಂದು ಬಾಯಿಗೆ ಬರುವುದಿಲ್ಲ. ಬೆಳಕು ಬಿದ್ದದ್ದೇ ನಿಲ್ಲಿಸಿದ. ಬೀಡಿ ಸೇದುವಾಗ ಸಿಕ್ಕಿಬಿದ್ದ ಹೈಸ್ಕೂಲು ಹುಡುಗನ ಮುಖ. ನಾನು ಒಳಗೆ ಬಂದು ಮಗ್ಗುಲಾದೆ. ಪಚಪಚ.

ಬೆಳಿಗ್ಗೆ ತಪಾಸಣೆ ನಡೆಯಿತು. ಅಮ್ಮ ತಲೆ ಹಿಡಿದುಕೊಂಡಳು, ನನ್ನಾಕೆ ಕಾಲು ಹಿಡಿದುಕೊಂಡಳು, ನಾನು ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಬೆರಳು ಬಿಡಿಸಿ ನೋಡಿದೆ. ಆರು ವರ್ಷದ ಹಿಂದೆ ಅಡಿಕೆ ಕೊಯ್ಲಿನವರ ಹಿಂದೆ ಬಂದು ಉಳಿದುಕೊಂಡ ಈ ಪ್ರಾಣಿಯ ಪಾದವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನೆಲ ಮುಟ್ಟುವ ಬೆರಳು ನಾಲ್ಕು, ಮೇಲೆ ಒಂದು ಕೆಲಸವಿಲ್ಲದ ಹೆಬ್ಬೆರಳು. ಬೆರಳುಗಳ ನಡುವೆ ಬಾತುಕೋಳಿಗೆ ಇರುವಂಥದೇ ತೆಳ್ಳನೆಯ ಚರ್ಮದ ಪರದೆ. ಆ ಪರದೆ ಕೆಂಪಾಗಿ, ಒದ್ದೆಯಾಗಿ, ಮೇಲಿನ ಕೂದಲು ಉದುರಿ ಹೊಳೆಯುತ್ತಿತ್ತು. ಮೂಸಿ ನೋಡಿದರೆ ಮುಗ್ಗಿದ ಅವಲಕ್ಕಿಯ ವಾಸನೆ.

ದಾಸುವಿನ ಮೈ ಕಂದು, ನಾಲ್ಕು ಪಾದ ಮಾತ್ರ ಬಿಳಿ. ಈಗ ಮುಂದಿನ ಎರಡು ಬಿಳಿ ಉಳಿದಿರಲಿಲ್ಲ. ಅಡಿಕೆ ಬೇಯಿಸುವವರ ಕೈಗೆ ಚೊಗರು ಹಿಡಿದ ಹಾಗೆ ಕೆಂಚು ಹಿಡಿದಿತ್ತು. ಅದು ಕೊಳೆಯಲ್ಲವಂತೆ. ನಾಯಿಯ ಜೊಲ್ಲಿನಲ್ಲೂ ಕಣ್ಣೀರಿನಲ್ಲೂ ಪಾರ್ಫಿರಿನ್ ಎಂಬ ಬಣ್ಣದ ವಸ್ತು ಇರುತ್ತದೆ. ನೆಕ್ಕಿದ ಕಡೆಯಲ್ಲೇ ನೆಕ್ಕುತ್ತಿದ್ದರೆ ಬಿಳಿ ಕೂದಲು ಹೀಗೆ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಅಂದರೆ ಇದು ಒಂದೆರಡು ದಿನದ ಕೆಲಸವಲ್ಲ. ವಾರಗಟ್ಟಲೆ ಈ ನಾಯಿ ತನ್ನ ಕಷ್ಟವನ್ನು ಕಾಲಿನ ಮೇಲೆ ಬರೆದುಕೊಂಡು ನಮ್ಮ ಮುಂದೆಯೇ ಓಡಾಡುತ್ತಿತ್ತು, ನಾವು ಕೆಸರು ಅಂದುಕೊಂಡಿದ್ದೆವು.

"ಉಣುಗು ಉಂಟಾ ನೋಡು" ಎಂದಳು ಅಮ್ಮ. ಉಣುಗು ಎಂದರೆ ನಮ್ಮ ಸೀಮೆಯಲ್ಲಿ ತುರಿಕೆಯ ಮಾತಲ್ಲ, ಜೀವದ ಮಾತು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಿನಿಂದ ಆ ಭಯ ನಮ್ಮನ್ನು ಬಿಟ್ಟಿಲ್ಲ. ನಾಯಿಯ ಮೈಗೆ ಸಾಮಾನ್ಯವಾಗಿ ಹತ್ತುವ ಉಣುಗಿನ ಜಾತಿ ಬೇರೆ, ಮಂಗನ ಕಾಯಿಲೆ ಹರಡುವುದರ ಜಾತಿ ಬೇರೆ ಎಂದು ಗೊತ್ತಿದ್ದರೂ ಬೆರಳು ನಡುಗುತ್ತದೆ. ಒಂದೊಂದೇ ಸಂದಿ ಹುಡುಕಿದೆ. ಉಣುಗಿಲ್ಲ, ಮುಳ್ಳಿಲ್ಲ, ಹುಲ್ಲಿನ ಕಡ್ಡಿ ಹೊಕ್ಕಿಲ್ಲ, ಗಾಯವೂ ಇಲ್ಲ. ಬರೀ ಕೆಂಪು.

ಮನೆಯಲ್ಲಿ ಮದ್ದಿನ ಸಭೆ ಸೇರಿತು.

ಮೊದಲ ಸರದಿ ಅಮ್ಮನದು. ಕೊಬ್ಬರಿ ಎಣ್ಣೆ ಬಿಸಿ ಮಾಡಿ, ಅರಿಶಿನ ಕಲಸಿ, ಆರಿಸಿ, ಬೆರಳ ಸಂದಿಗೆಲ್ಲ ತುಂಬಿದಳು. ದಾಸು ಅಷ್ಟು ಹೊತ್ತೂ ದೇವರಂತೆ ನಿಂತಿದ್ದ. ಆಮೇಲೆ ಅದನ್ನು ನೈವೇದ್ಯ ಎಂದೇ ತಿಳಿದು ಪೂರ್ತಿ ನೆಕ್ಕಿ, ಬಟ್ಟಲಿನ ಕಡೆ ನೋಡಿದ. ಇನ್ನಷ್ಟು ಇದೆಯೋ ಎಂಬ ನೋಟ. ಸಂಜೆಯ ಹೊತ್ತಿಗೆ ಹೆಬ್ಬಾಗಿಲಿನಿಂದ ಅಡುಗೆಮನೆಯವರೆಗೆ ಸಾಲಾಗಿ ಹಳದಿ ಹೆಜ್ಜೆ ಮೂಡಿದ್ದವು. ಗೋಕುಲಾಷ್ಟಮಿಗೆ ಇನ್ನೂ ದಿನವಿತ್ತು. ಅಮ್ಮನಿಗೆ ಬೇಸರವೇನೂ ಆಗಲಿಲ್ಲ. "ಹೊಟ್ಟೆಗೂ ಒಳ್ಳೇದೇ ಅದು" ಎಂದಳು. ಅವಳ ಎರಡನೆಯ ಸಲಹೆ ಮದರಂಗಿ. ಆಷಾಢದಲ್ಲಿ ಕೆಸರು ತುಳಿಯುವವರ ಕಾಲ್ಬೆರಳಿಗೆ ಮದರಂಗಿ ಹಚ್ಚುವುದು ನಮ್ಮಲ್ಲಿ ಹಳೆಯ ಪದ್ಧತಿ. ಗಂಡುನಾಯಿಗೆ ಮದರಂಗಿ ಎನ್ನುವ ಕಾರಣಕ್ಕೋ ಏನೋ, ನನ್ನಾಕೆ ಬೇಡವೆಂದಳು.

ಎದುರು ಮನೆಯ ನಿವೃತ್ತ ಮೇಷ್ಟ್ರು ಕೊಡೆ ಮಡಚುತ್ತಲೇ ಒಳಗೆ ಬಂದು, "ಗಾಡಿಯಿಂದ ಇಳಿಸಿದ ಹಳೇ ಆಯಿಲ್ ಬಳೀರಿ ಮಾರಾಯ್ರೆ, ಎರಡು ದಿನ ಸಾಕು" ಎಂದರು. ಈ ಮದ್ದು ಎಲ್ಲಿ ಹುಟ್ಟಿತೋ, ಕಜ್ಜಿ ಹಿಡಿದ ಬೀದಿನಾಯಿ ಕಂಡರೆ ಗ್ಯಾರೇಜಿನವರು ಈಗಲೂ ಬಳಿಯುತ್ತಾರೆ. ಅದು ಶುದ್ಧ ವಿಷ. ಚರ್ಮವನ್ನೂ ಸುಡುತ್ತದೆ, ನೆಕ್ಕಿದರೆ ಒಳಗನ್ನೂ ಕೆಡಿಸುತ್ತದೆ. ಅದು ಆಗದಿದ್ದರೆ ಸ್ಪಿರಿಟ್ಟಂತೆ, ಅದೂ ಆಗದಿದ್ದರೆ ನೋವಿನ ಮಾತ್ರೆ ಅರ್ಧವಂತೆ. ಮೇಷ್ಟ್ರಿಗೆ ಉತ್ತರವಾಗಿ ಕಾಫಿ ಕೊಟ್ಟೆವು.

ನಾನೇನು ಕಡಿಮೆಯವನಲ್ಲ. ನನ್ನ ಮದ್ದಿನ ಡಬ್ಬದಲ್ಲಿ ಹುಳಕಡ್ಡಿಗೆಂದು ತಂದ ಒಂದು ಟ್ಯೂಬಿತ್ತು. ಮುಲಾಮು ಹಿಂಡಿ ಬೆರಳ ತುದಿಗೆ ತೆಗೆದುಕೊಂಡವನಿಗೆ ಯಾಕೋ ಅನುಮಾನ ಬಂದು ಪಶು ಡಾಕ್ಟರಿಗೆ ಫೋನು ಮಾಡಿದೆ. ಟ್ಯೂಬಿನ ಮೇಲಿರುವುದನ್ನು ಓದಲು ಹೇಳಿದರು. ಭೂತಗನ್ನಡಿ ಹಿಡಿದು ಓದಿದೆ. ಶಿಲೀಂಧ್ರದ ಮದ್ದಿನ ಜೊತೆಗೆ ಸ್ಟೀರಾಯ್ಡೂ ಇತ್ತು. ಅವರು ಒಂದು ಕ್ಷಣ ಸುಮ್ಮನಿದ್ದು ಹೇಳಿದರು: "ಸಾರ್, ನಾಯಿಗೆ ಹೊರಗೆ ಹಚ್ಚೋ ಔಷಧಿ ಅಂತ ಇಲ್ಲವೇ ಇಲ್ಲ ಅಂದ್ಕೊಳ್ಳಿ. ಹಚ್ಚಿದ್ದೆಲ್ಲ ಹೊಟ್ಟೆಗೇ. ಬಾಯಿಗೆ ಕೊಡೋಕೆ ಧೈರ್ಯ ಇಲ್ಲದ್ದನ್ನ ಕಾಲಿಗೂ ಹಚ್ಬೇಡಿ."

ಬೆರಳ ತುದಿಯ ಮುಲಾಮನ್ನು ಏನು ಮಾಡುವುದೆಂದು ತಿಳಿಯದೆ ನನ್ನ ಮೊಣಕೈಗೇ ಸವರಿಕೊಂಡೆ.

ಆಮೇಲೆ ಯೋಚನೆಗೆ ಹತ್ತಿದೆ. ನಾವು ಹಚ್ಚುವ ಜನ. ಬಿದ್ದರೆ ಕಾಫಿಪುಡಿ ಹಚ್ಚುತ್ತೇವೆ, ತಲೆನೋವಿಗೆ ಶುಂಠಿ ತೇಯ್ದು ಹಚ್ಚುತ್ತೇವೆ, ಇರುವೆ ಕಚ್ಚಿದರೆ ಸುಣ್ಣ. ಹಚ್ಚಿದ ಮೇಲೆ ನಮ್ಮ ಕರ್ತವ್ಯ ಮುಗಿಯಿತು. ವಾಸಿಯಾಗುವುದು ಬಿಡುವುದು ರೋಗಿಗೆ ಬಿಟ್ಟದ್ದು. ಏನನ್ನೂ ಹಚ್ಚದೆ ಸುಮ್ಮನೆ ನೋಡುತ್ತ ಕೂತವನನ್ನು ನಮ್ಮಲ್ಲಿ ಕಲ್ಲೆದೆಯವನು ಎನ್ನುತ್ತಾರೆ. ಈ ಒಂದು ವಿಷಯದಲ್ಲಿ ನಾಯಿ ನಮ್ಮ ಇಡೀ ವೈದ್ಯವನ್ನು ನಾಲಿಗೆಯಿಂದ ಅಳಿಸಿಹಾಕುತ್ತದೆ. ಅರಿಶಿನವಾದರೆ ನೆಲ ಮಾತ್ರ ಹಾಳು. ಮಕ್ಕಳ ತೊಡೆಸಂದಿಗೆ ಹಚ್ಚುವ ಸತುವಿನ ಬಿಳಿ ಮುಲಾಮು, ಈಗ ಎಲ್ಲದಕ್ಕೂ ಹಚ್ಚುವ ಟೀ ಟ್ರೀ ಎಣ್ಣೆ, ಇವು ನಾಯಿಯ ಹೊಟ್ಟೆಗೆ ಹೋದರೆ ವಿಷ. ಮೇಷ್ಟ್ರ ಅರ್ಧ ಮಾತ್ರೆಯೂ ಅಷ್ಟೇ. ನಮಗೆ ನೋವು ಇಳಿಸುವ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನೂ ಕೆಡಿಸುತ್ತದೆ.

ಮಾರನೆಯ ದಿನ ಆಟೋದಲ್ಲಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಟೀಲಿನ ಮೇಜಿನ ಮೇಲೆ ನಿಂತ ದಾಸು ನಡುಗುತ್ತ ಹೆಜ್ಜೆ ಬದಲಿಸಿದಾಗಲೆಲ್ಲ ಒದ್ದೆ ಪಾದದ ಗುರುತು ಬೀಳುತ್ತಿತ್ತು. ಮಳೆಯಲ್ಲಿ ನೆನೆದದ್ದು ಎಂದುಕೊಂಡೆ. ಅಲ್ಲ, ಬೆವರು. ನಮ್ಮಂತೆ ಬೆವರು ಸುರಿಸುವ ಗ್ರಂಥಿ ನಾಯಿಗೆ ಇರುವುದು ಬಹುಮಟ್ಟಿಗೆ ಅಂಗಾಲಿನಲ್ಲೇ; ಹೆದರಿದಾಗ ಅಂಗಾಲು ಬೆವರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ನನ್ನ ಅಂಗೈ ಬೆವರಿ ಉತ್ತರಪತ್ರಿಕೆ ಒದ್ದೆಯಾದದ್ದು ನೆನಪಾಯಿತು.

ಡಾಕ್ಟರು ಬೆರಳ ಸಂದಿಗೆ ಒಂದು ಗಾಜಿನ ಪಟ್ಟಿ ಒತ್ತಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಯೀಸ್ಟು. ಅದು ಎಲ್ಲಿಂದಲೋ ಬಂದದ್ದಲ್ಲ, ನಾಯಿಯ ಚರ್ಮದ ಮೇಲೆ ಯಾವಾಗಲೂ ಇರುವಂಥದೇ. ಒದ್ದೆ ಸಿಕ್ಕರೆ ಹೆಚ್ಚುತ್ತದೆ. ಕಥೆ ಹೀಗೆ: ಏನೋ ಒಂದು ಕಾರಣಕ್ಕೆ ತುರಿಕೆ ಶುರುವಾಗುತ್ತದೆ, ತುರಿಸಿದ್ದಕ್ಕೆ ನೆಕ್ಕುತ್ತದೆ, ನೆಕ್ಕಿದ್ದಕ್ಕೆ ಒದ್ದೆ, ಒದ್ದೆಗೆ ಯೀಸ್ಟು, ಯೀಸ್ಟಿಗೆ ಮತ್ತೆ ತುರಿಕೆ. ಸಾಲದ್ದಕ್ಕೆ ನೆಕ್ಕುವುದರಲ್ಲೇ ಒಂದು ಸುಖವಿದೆಯಂತೆ. ಕಾರಣ ಹೋದರೂ ಚಟ ಉಳಿಯಬಹುದು. ಕವಳ ಬಿಡಲಾಗದ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬರೆದುಕೊಟ್ಟದ್ದು ಬಹಳ ಸಪ್ಪೆ ಚೀಟಿ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಉಪ್ಪು. ಹೆಚ್ಚುಕಡಿಮೆ ಕಣ್ಣೀರಿನಷ್ಟೇ ಉಪ್ಪು, ಹಾಗಾಗಿ ಉರಿಯುವುದಿಲ್ಲ. ದಿನಕ್ಕೆರಡು ಸಲ ಐದು ನಿಮಿಷ ಪಾದ ಅದ್ದಿಡಬೇಕು, ಆ ನೀರು ಕುಡಿಯಲು ಬಿಡಬಾರದು. ಸಂಜೆಯ ನೀರಿಗೆ ಉಪ್ಪಿನ ಬದಲು ಪೊವಿಡೋನ್ ಅಯೋಡಿನ್, ಹಾಲಿಲ್ಲದ ತೆಳು ಚಹಾದ ಬಣ್ಣ ಬರುವಷ್ಟು. ಆಮೇಲೆ ಒಳ್ಳೆಯ ನೀರಲ್ಲಿ ತೊಳೆದು, ಬೆರಳ ಸಂದಿಗಳನ್ನು ಒತ್ತಿ ಒರೆಸಬೇಕು, ಉಜ್ಜಬಾರದು. "ಮುಖ್ಯ ಒರೆಸೋದೇ ಸಾರ್. ತೊಳೆದು ಒದ್ದೆ ಬಿಟ್ರೆ ತೊಳೀದೇ ಇರೋದೇ ವಾಸಿ" ಎಂದರು. ಬೆರಳ ನಡುವೆ ಗಂಟು ಎದ್ದರೆ, ಕೀವು ಅಥವಾ ರಕ್ತ ಕಂಡರೆ, ಕುಂಟಿದರೆ, ನಾಲ್ಕು ದಿನದಲ್ಲಿ ಕೆಂಪು ಇಳಿಯದಿದ್ದರೆ ಮತ್ತೆ ಬರಬೇಕು. ಆಗ ಮನೆಮದ್ದಿನ ಕಾಲ ಮುಗಿದ ಹಾಗೆ. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. "ಮೊದಲನೇ ತುರಿಕೆಗೆ ಕಾರಣ ಏನು ಅಂತ ನಂಗೆ ಇಲ್ಲಿ ಕೂತು ಗೊತ್ತಾಗಲ್ಲ. ಮನೇಲಿ ಏನು ಹೊಸದು ಬಂದಿದೆ ನೋಡಿ." ಹೊಸದೇನೂ ಇಲ್ಲ ಎಂದೆ.

ಪಾತ್ರೆಯ ಪ್ರಶ್ನೆ ಬಂತು. ನಾಯಿಯ ಕಾಲು ಅದ್ದಲು ಅಮ್ಮ ಯಾವ ಪಾತ್ರೆಯನ್ನೂ ಕೊಡಲಿಲ್ಲ. ಕೊನೆಗೆ ಸಿಕ್ಕಿದ್ದು ಒಂದು ಲೀಟರಿನ ಐಸ್‌ಕ್ರೀಂ ಡಬ್ಬ. ಮನೆಯ ಸಾಸಿವೆ, ಗುಂಡಿ, ರಬ್ಬರ್ ಬ್ಯಾಂಡು ಎಲ್ಲ ವಾಸಿಸುವ ಅಂಥ ಡಬ್ಬಗಳು ಯಾರ ಮನೆಯಲ್ಲಿಲ್ಲ? ದಾಸು ಅದನ್ನು ಮೂಸಿ, ಎಂದೋ ತೀರಿಹೋದ ವೆನಿಲ್ಲಾದ ಸುಳಿವು ಹಿಡಿದು, ಸಂತೋಷದಿಂದ ಮೂತಿ ಹಾಕಿದ. ಕಾಲು ಹಾಕಬೇಕು ಎಂದು ತಿಳಿಸುವುದಕ್ಕೆ ಎರಡು ದಿನ, ಮೂರು ಮನುಷ್ಯರು, ಒಂದು ಸೇರು ಬೆಲ್ಲದ ಅವಲಕ್ಕಿ ಬೇಕಾಯಿತು. ಮೂರನೆಯ ದಿನ ಮಾತ್ರ ಒಂದು ವಿಚಿತ್ರ ನಡೆಯಿತು. ಬೆಚ್ಚಗಿನ ನೀರಿನಲ್ಲಿ ಕಾಲು ಮುಳುಗಿ ಸುಮಾರು ಒಂದು ನಿಮಿಷವಾಗಿರಬೇಕು. ಬಿಗಿ ಹಿಡಿದಿದ್ದ ನಾಲ್ಕು ಬೆರಳೂ ನೀರಿನೊಳಗೆ ಮೆಲ್ಲಗೆ ಅಗಲವಾದವು. ಬೆಳಗಿನ ಬಿಸಿಲಿಗೆ ದಾಸವಾಳ ಬಿಚ್ಚುವ ಹಾಗೆ ಎಂದರೆ ಅತಿಯಾದೀತು, ಆದರೆ ಬಿಚ್ಚಿದ್ದು ಹಾಗೆಯೇ. ಗಲ್ಲವನ್ನು ನನ್ನ ಮೊಣಕಾಲ ಮೇಲಿಟ್ಟು ಒಂದು ಉದ್ದನೆಯ ಉಸಿರು ಬಿಟ್ಟ. ಅಮ್ಮ ಒಳಗಿನಿಂದ, "ಯಾರು ನಿಟ್ಟುಸಿರು ಬಿಟ್ಟಿದ್ದು?" ಎಂದಳು.

ಒರೆಸುವುದೇ ಕಷ್ಟ. ಮಲೆನಾಡಿನ ಮಳೆಗಾಲದಲ್ಲಿ ಒರೆಸುವ ಬಟ್ಟೆಯೇ ಒಣಗಿರುವುದಿಲ್ಲ. ಬಚ್ಚಲೊಲೆಯ ಮೇಲೆ ಒಣಗಿಸಿದ ಹಳೆಯ ಪಂಚೆಯ ತುಂಡುಗಳನ್ನು ನನ್ನಾಕೆ ಇದಕ್ಕೆಂದೇ ಎತ್ತಿಡುತ್ತಿದ್ದಳು. ನಮ್ಮ ಟವೆಲ್ಲು ಮುಗ್ಗಿದ್ದರೂ ದಾಸುವಿನದು ಗರಿಗರಿ, ಹೊಗೆಯ ಪರಿಮಳ ಬೇರೆ.

ತೊಳೆದು ಒರೆಸಿದ ಮೇಲೆ ನೆಕ್ಕದಂತೆ ಕಾಯುವುದು ಇನ್ನೊಂದು ಉದ್ಯೋಗ. ಮೊಮ್ಮಗಳ ಹಳೆಯ ಕಾಲುಚೀಲ ಹಾಕಿದೆವು. ಅದನ್ನು ಎಳೆದು ಎಲ್ಲೋ ಹೂತು ಬಂದ. ಆಸ್ಪತ್ರೆಯಿಂದ ತಂದ ಪ್ಲಾಸ್ಟಿಕ್ಕಿನ ಕೊರಳಪಟ್ಟಿ ಹಾಕಿದೆವು. ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿಯ ಕಾಲದವರು ಕತ್ತಿನ ಸುತ್ತ ತೊಡುತ್ತಿದ್ದ ನಿರಿಗೆಪಟ್ಟಿಯಿಂದ ಅದಕ್ಕೆ ರಾಣಿಯ ಹೆಸರೇ ಬಂದಿದೆ. ದಾಸುವಿಗೆ ಅದರಿಂದ ರಾಜಕಳೆಯೇನೂ ಬರಲಿಲ್ಲ. ಎಚ್‌ಎಂವಿ ರೆಕಾರ್ಡಿನ ಮೇಲೆ ಗ್ರಾಮಫೋನಿನ ಕೊಂಬಿನೊಳಗೆ ಇಣುಕುತ್ತ ಕೂತ ನಾಯಿ ಕೊನೆಗೂ ಆಯತಪ್ಪಿ ಒಳಗೆ ಬಿದ್ದ ಹಾಗೆ ಕಾಣುತ್ತಿದ್ದ. ಬಾಗಿಲ ಚೌಕಟ್ಟು, ತುಳಸಿಕಟ್ಟೆ, ಮೇಷ್ಟ್ರ ಮೊಣಕಾಲು ಎಲ್ಲಕ್ಕೂ ಢಿಕ್ಕಿ ಹೊಡೆದ. ಒಂದೇ ರಾತ್ರಿಗೆ ನನ್ನಾಕೆಯ ಮನಸ್ಸು ಕರಗಿ ಬಿಚ್ಚಿಬಿಟ್ಟಳು. ಅಂದಿನಿಂದ ಪಟ್ಟಿಯ ಬದಲು ನಾವೇ ಕೂಗುವುದು. "ದಾಸೂ, ನೆಕ್ಬೇಡ!" ಅಡುಗೆಮನೆಯಿಂದ ಒಂದು, ಜಗಲಿಯಿಂದ ಒಂದು, ಪೂಜೆಯ ಗಂಟೆಯ ನಡುವೆ ಅಮ್ಮನದೊಂದು.

ಒಮ್ಮೆ ಅಮ್ಮ ಹೀಗೆ ಗದರಿದಾಗ ಅವನು ನೆಕ್ಕುತ್ತಲೇ ಇರಲಿಲ್ಲ, ಸುಮ್ಮನೆ ಕಾಲ ಮೇಲೆ ಮೂತಿ ಇಟ್ಟು ಮಲಗಿದ್ದ. ನನಗೆ ಸರಮೆಯ ನೆನಪಾಯಿತು. ಮಹಾಭಾರತ ಆದಿಪರ್ವದಲ್ಲಿ ಜನಮೇಜಯನ ಯಜ್ಞಕ್ಕೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದೋಡಿಸುತ್ತಾರೆ. ಹವಿಸ್ಸನ್ನು ನಾನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎಂದು ಮರಿ ತಾಯಿಯ ಮುಂದೆ ಅಳುತ್ತದೆ. ತಾಯಿ ಸರಮೆ ನೇರ ಯಜ್ಞಶಾಲೆಗೇ ಬಂದು ಕಾರಣ ಕೇಳುತ್ತಾಳೆ, ಉತ್ತರ ಸಿಗದೆ ಶಪಿಸುತ್ತಾಳೆ. ಧರ್ಮರಾಯನ ಹಿಂದೆ ಹೋದ ನಾಯಿಯನ್ನು ಎಲ್ಲರೂ ನೆನೆಯುತ್ತಾರೆ, ಮಾಡದ ತಪ್ಪಿಗೆ ಏಟು ತಿಂದ ಈ ಮರಿಯನ್ನು ನೆನೆಯುವವರು ಕಡಿಮೆ.

ನಾಲ್ಕನೆಯ ದಿನಕ್ಕೆ ಕೆಂಪು ಇಳಿಯಿತು. ಐದನೆಯ ದಿನ ಮತ್ತೆ ಏರಿತು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ನನ್ನಾಕೆ ಸಾರು ಬಡಿಸಲು ಬಂದವಳು ಮೇಜಿನ ಕೆಳಗೆ ನೋಡುತ್ತ ನಿಂತಳು. "ನೀವೇನು ಮಾಡ್ತಿದೀರಿ?" ನಾನು ಎಡಗಾಲಿನ ಹಿಮ್ಮಡಿಯಿಂದ ಬಲಗಾಲಿನ ಬೆರಳ ಸಂದಿಯನ್ನು ಉಜ್ಜಿಕೊಳ್ಳುತ್ತಿದ್ದೆ. ಎಷ್ಟು ದಿನದಿಂದಲೋ ಗೊತ್ತಿಲ್ಲ. ಮಳೆಗಾಲದ ಕಾಲು, ನೀರು ತಿಂದಿದೆ ಎಂದುಕೊಂಡಿದ್ದೆ. ಅವಳು ಸಾರಿನ ಪಾತ್ರೆ ಕೆಳಗಿಟ್ಟು ಲೆಕ್ಕ ಹಾಕಿದಳು. ಅಮ್ಮ ಮಂಡಿನೋವಿಗೆ ಮನೆಯೊಳಗೂ ಚಪ್ಪಲಿ ಹಾಕುತ್ತಾಳೆ. ತಾನು ಹಿಮ್ಮಡಿ ಒಡೆದದ್ದಕ್ಕೆ ಹಾಕುತ್ತಾಳೆ. ಬರಿಗಾಲಲ್ಲಿ ಈ ನೆಲ ತುಳಿಯುವವರು ಇಬ್ಬರೇ.

ಮನೆಯಲ್ಲಿ ಏನು ಹೊಸದು ಎಂದು ಡಾಕ್ಟರು ಕೇಳಿದ್ದರಲ್ಲ. ಹೊಸದು ನಾನು. ಮೇ ಕೊನೆಗೆ ನಿವೃತ್ತನಾದವನು ಮನೆಗೆಲಸದಲ್ಲಿ ಪಾಲು ಬೇಕೆಂದು ಹಟ ಹಿಡಿದು ನೆಲ ಒರೆಸುವುದನ್ನು ವಹಿಸಿಕೊಂಡಿದ್ದೆ. ಬಾಟಲಿಯ ಮೇಲೆ ಬಕೆಟ್ಟಿಗೆ ಎಷ್ಟು ಮುಚ್ಚಳ ಫಿನಾಯಿಲು ಎಂದು ಬರೆದಿರುತ್ತದೆ. ಮೂವತ್ತು ವರ್ಷ ಕಚೇರಿಯಲ್ಲಿ ಅಳತೆ, ಲೆಕ್ಕ ಎಂದು ಜೀವ ತೇಯ್ದವನಿಗೆ ಮನೆಯಲ್ಲೂ ಮುಚ್ಚಳದ ಲೆಕ್ಕವೇ? ಮೂಗಿಗೆ ಹಿತವಾಗುವವರೆಗೂ ಸುರಿಯುತ್ತಿದ್ದೆ. ಮಳೆಯ ಕೆಸರಿಗೆಂದು ದಿನಕ್ಕೆರಡು ಸಲ. ದಾಸು ಆ ಒದ್ದೆ ನೆಲದ ಮೇಲೆ ನಡೆದು, ಮಲಗಿ, ಕಾಲು ಉರಿದದ್ದಕ್ಕೆ ನೆಕ್ಕಿ, ನೆಕ್ಕಿದ್ದರಿಂದ ಅದನ್ನೂ ಹೊಟ್ಟೆಗಿಳಿಸಿದ್ದ. ನಾವೆಲ್ಲ ಸೇರಿ ಏನೇನು ಹಚ್ಚಬಾರದೆಂದು ಪಟ್ಟಿ ಮಾಡುತ್ತಿದ್ದಾಗ, ನಾನು ದಿನವೂ ಬೆಳಿಗ್ಗೆ ಅವನ ನಾಲ್ಕು ಕಾಲಿಗೂ ಹಚ್ಚುತ್ತಿದ್ದೆ.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ನಾಯಿಯೊಂದಕ್ಕೆ ನಿಲ್ಲಿಸಿದ ಕಲ್ಲಿತ್ತು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲದ ಯುದ್ಧ ಗೆದ್ದ ಮೇಲೆ, 949–50ರ ಸುಮಾರಿಗೆ, ಮಣಲೆರನೆಂಬ ವೀರನಿಗೆ ಏನು ಬೇಕೆಂದು ಕೇಳಿದರೆ ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಒಟ್ಟಿಗೆ ಸತ್ತವು. ಅದಕ್ಕೊಂದು ಕಲ್ಲು, ಕಲ್ಲಿಗೆ ಪೂಜೆ, ಪೂಜೆಗೆ ಭೂಮಿ. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಎಂದರೆ ಪೂಜಾರಿಗೆ, ನಾಯಿ ಮಾಡಿದ ಪಾಪ ತಗಲುತ್ತದೆ ಎಂದು ಶಾಸನ ಎಚ್ಚರಿಸುತ್ತದೆ. ಓದಿದಾಗಲೆಲ್ಲ ನಗು ಬರುತ್ತಿತ್ತು: ನಾಯಿ ಮಾಡುವ ಪಾಪವಾದರೂ ಎಂಥದಿರಬಹುದು? ಅವತ್ತು ನಗು ಬರಲಿಲ್ಲ. ನಮ್ಮ ಮನೆಯಲ್ಲಿ ಲೆಕ್ಕ ತಿರುಗುಮುರುಗಾಗಿತ್ತು.

ಫಿನಾಯಿಲು ನಿಂತಿತು. ಈಗ ಬರೀ ಬಿಸಿನೀರು, ಕೆಸರು ಜಾಸ್ತಿಯಾದ ದಿನ ಚೂರು ಸೋಪಿನಪುಡಿ ಹಾಕಿ ಆಮೇಲೆ ಎರಡು ಸಲ ಒಳ್ಳೆಯ ನೀರಲ್ಲಿ ಒರೆಸುವುದು. ಹೊರಗೆ ಸುತ್ತಿ ಬಂದ ದಾಸುವಿನ ಕಾಲನ್ನು ಮೆಟ್ಟಿಲಲ್ಲೇ ತೊಳೆದು ಒಣಬಟ್ಟೆ. ಮೂರು ವಾರಕ್ಕೆ ಬೆರಳ ಸಂದಿಯಲ್ಲಿ ಹೊಸ ಕೂದಲು ಬಂತು. ಬುಡದಲ್ಲಿ ಬಿಳಿ, ತುದಿಯಲ್ಲಿ ಇನ್ನೂ ಚೊಗರು. ಬಣ್ಣ ಹಚ್ಚುವುದನ್ನು ಬಿಟ್ಟ ನನ್ನ ತಲೆಯ ಹಾಗೆಯೇ. ರಾತ್ರಿ ಮಳೆ ನಿಂತಾಗ ಕಿವಿಗೊಟ್ಟು ಮಲಗುತ್ತೇನೆ. ಇಲಿ ಇದೆ, ಗೊರಕೆ ಇದೆ.

ನನ್ನ ಕಾಲು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಮೊನ್ನೆ ಸಂಜೆ ಮದ್ದಿನ ಡಬ್ಬ ತೆರೆದು ಆ ಹುಳಕಡ್ಡಿಯ ಟ್ಯೂಬು ಹುಡುಕುತ್ತಿದ್ದೆ. ನನ್ನಾಕೆ ಮಾತಾಡದೆ ಒಳಗೆ ಹೋಗಿ, ಬೆಚ್ಚಗಿನ ನೀರು ತುಂಬಿದ ಬಕೆಟ್ಟು ತಂದು ಕುರ್ಚಿಯ ಮುಂದಿಟ್ಟಳು. ಒಂದು ಮುಷ್ಟಿ ಉಪ್ಪು ಹಾಕಿ ಕೈಯಾಡಿಸಿದಳು. ಗರಿಗರಿ ಪಂಚೆಯ ತುಂಡೊಂದನ್ನು ನನ್ನ ಹೆಗಲಿಗೆ ಎಸೆದಳು. ಕಾಲು ಇಳಿಬಿಟ್ಟು ಕೂತೆ. ದಾಸು ಬಂದು ಬಕೆಟ್ಟು ಮೂಸಿ, ವೆನಿಲ್ಲಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎದುರಿಗೇ ಕೂತು ನನ್ನನ್ನೇ ನೋಡತೊಡಗಿದ.

"ಐದು ನಿಮಿಷ" ಎಂದಳು ನನ್ನಾಕೆ. "ಸಂದೀಲೆಲ್ಲ ಒತ್ತಿ ಒರೆಸ್ಕೊಳ್ಳಿ. ನೆಕ್ಬೇಡಿ."